ಫ್ಲೋರಿಡಾದಲ್ಲಿ ತಮ್ಮನ ಮೇಲೆ ಅಗ್ರವೇಟೆಡ್ ಸ್ಟಾಕಿಂಗ್ (ಬೇಡ ಅಂದ್ರೂ ಹಿಂದೆ ಬಿದ್ದು ಕಾಡಿದ) ಕೇಸು, ಅಮ್ಮ ಹುಡುಗಿ ಮನೆಗೆ ಹೋಗ್ತೀನಿ ಅಂತಿದಾರೆ

ವಿಜಯನಗರದಕ್ಕ:
ಎಲ್ರಿಗೂ ನಮಸ್ಕಾರ. ತಮ್ಮ ಹೆಚ್-1ಬಿ ಮೇಲೆ ಫ್ಲೋರಿಡಾದಲ್ಲಿದಾನೆ. ಅವನ ಜೊತೆ ಓಡಾಡ್ಕೊಂಡಿದ್ದ ಹುಡುಗಿ ನಮ್ಮ ಕಡೆಯವಳೇ, ತುಮಕೂರು, ಆಮೇಲೆ ಬೇಡ ಅಂದ್ಬಿಟ್ಳು, ಇವನು ಬಿಡ್ಲಿಲ್ಲ, ಅವಳು ಕೋರ್ಟಿಂದ ಇಂಜಂಕ್ಷನ್ ತಂದ್ಳು, ಅಂದ್ರೆ ಇವನು ಕಾಂಟ್ಯಾಕ್ಟ್ ಮಾಡ್ಬಾರ್ದು ಅಂತ ಆದೇಶ. ಅದಾದ್ಮೇಲೂ ಹೊಸ ಇನ್‌ಸ್ಟಾ ಅಕೌಂಟ್ ಮಾಡಿ ಒಂದೇ ವಾರದಲ್ಲಿ 11 ಮೆಸೇಜ್ ಹಾಕಿದಾನೆ. ನಂಗೇ ತೋರಿಸ್ದ, "ಊಟ ಆಯ್ತಾ", "ಒಂದ್ಸಲ ಮಾತಾಡು", ಬರೀ ಇಂಥವೇ. ಅರೆಸ್ಟ್ ಆಗಿ ಈಗ ಬೇಲ್ ಮೇಲಿದಾನೆ. ಅಮ್ಮ ಒಂದೇ ಸಮ ಅಳ್ತಾರೆ, ಊಟ ಆಯ್ತಾ ಅಂತ ಕೇಳೋದು ಯಾವ ದೇಶದಲ್ಲಿ ತಪ್ಪು ಅಂತಾರೆ. ಭಾನುವಾರ ಹಣ್ಣು ಹೂವು ತಗೊಂಡು ತುಮಕೂರಿಗೆ ಹೋಗಿ ಅವರಪ್ಪ ಅಮ್ಮನ ಕಾಲಿಗೆ ಬಿದ್ದು ಕೇಸ್ ವಾಪಸ್ ತಗೊಳ್ಳಿ ಅಂತ ಕೇಳ್ತಾರಂತೆ. ಹೋಗ್ಬಹುದಾ? ಇಲ್ಲಿಂದ ಲಾಯರ್ ಹೆಂಗೆ ಹಿಡಿಯೋದು?

ಟ್ಯಾಂಪಾದಿಂದ ವಾಪಸ್:
ಅಕ್ಕಾ, ದಯವಿಟ್ಟು ಅಮ್ಮನ್ನ ಕಳಿಸ್ಬೇಡಿ. ನಾನು ಅಲ್ಲಿ ಡಿಫೆನ್ಸ್ ಲಾಯರ್ ಆಫೀಸಲ್ಲಿ ಕೆಲಸ ಮಾಡಿದೀನಿ, ಕೇಸ್ ಹದಗೆಡೋದು ಮನೆಯವರು ಹಿಂಗೆ ರಾಜಿಗೆ ಹೋದಾಗ್ಲೇ. ಕಾಂಟ್ಯಾಕ್ಟ್ ಮಾಡ್ಬೇಡ ಅಂದ್ರೆ ಬೇರೆಯವರ ಕೈಲಿ ಹೇಳ್ಸೋದೂ ಸೇರುತ್ತೆ, ಅವನು ಹೇಳ್ದೇ ಇದ್ರೂ ಅಮ್ಮ ಹೋದ್ರೆ ಅವನೇ ಕಳ್ಸಿದ ಅಂತ ಪ್ರಾಸಿಕ್ಯೂಟರ್ ಹಿಡ್ಕೊಳ್ತಾರೆ, ಬೇಲ್ ಹೋಗ್ಬಹುದು, ಸಾಕ್ಷಿ ಮೇಲೆ ಒತ್ತಡ ಹಾಕಿದ್ರು ಅಂತ ಇನ್ನೊಂದು ಕೇಸೂ ಬೀಳ್ಬಹುದು. ವಾಪಸ್ ತಗೊಳ್ಳೋದು ಹುಡುಗಿ ಕೈಲೂ ಇಲ್ಲ, ಕೇಸ್ ನಡ್ಸೋದು ಸ್ಟೇಟ್ ಅಟಾರ್ನಿ, ಅಂದ್ರೆ ಸರ್ಕಾರಿ ವಕೀಲರು.

ಅಗ್ರವೇಟೆಡ್ ಅಂದ್ರೆ ಹೊಡೆದ ಬಡಿದ ಅಂತ ಅಲ್ಲ. ಫ್ಲೋರಿಡಾ ಕಾನೂನು 784.048ರಲ್ಲಿ ಬರೀ ಸ್ಟಾಕಿಂಗ್ ಮಿಸ್‌ಡಿಮೀನರ್, ಅಂದ್ರೆ ಸಣ್ಣ ಅಪರಾಧ, 1 ವರ್ಷದವರೆಗೆ ಜೈಲು. ಅದೇ ಕೆಲಸಾನ ಇಂಜಂಕ್ಷನ್ ಇದ್ದೂ ಮಾಡಿದ್ರೆ, ಇಲ್ಲಾ ಜೀವಬೆದರಿಕೆ ಥರದ್ದು ಹಾಕಿದ್ರೆ, ಇಲ್ಲಾ ಆ ಕಡೆಯವರು 16ಕ್ಕಿಂತ ಚಿಕ್ಕವರಾಗಿದ್ರೆ ಫೆಲನಿ, ಅಂದ್ರೆ ದೊಡ್ಡ ಅಪರಾಧ, 5 ವರ್ಷದವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ. ಮೆಸೇಜಲ್ಲಿ ಬೈಗುಳ ಇರ್ಲೇಬೇಕು ಅಂತಿಲ್ಲ. ಬೇಡ ಅಂತ ಕೋರ್ಟೇ ಹೇಳಿದ್ಮೇಲೂ ಮತ್ತೆ ಮತ್ತೆ ಹೋಗಿದಾನಲ್ಲ, ಅದೇ ಅಲ್ಲಿ ದೊಡ್ಡದು.

ಲಾಯರ್‌ಗೆ ದುಡ್ಡಿಲ್ಲ ಅಂದ್ರೆ ಪಬ್ಲಿಕ್ ಡಿಫೆಂಡರ್‌ಗೆ (ಸರ್ಕಾರ ಕೊಡೋ ಲಾಯರ್) ಅರ್ಜಿ ಹಾಕ್ಲಿ, ಆದಾಯ ನೋಡ್ತಾರೆ, ಕೆಲಸದಲ್ಲಿರೋನಿಗೆ ಸಿಗೋದು ಕಷ್ಟ. ಫ್ಲೋರಿಡಾ ಬಾರ್‌ನವರ (ಅಲ್ಲಿನ ವಕೀಲರ ಸಂಘ) ಲಾಯರ್ ರೆಫರಲ್ ಇದೆ, ಅದೇ ಕೌಂಟೀಲಿ ಕ್ರಿಮಿನಲ್ ಕೇಸ್ ಮಾಡೋರನ್ನೇ ಕೇಳಿ. ಅಟ್ಲಾಂಟಾದ ಇಂಡಿಯನ್ ಕಾನ್ಸುಲೇಟ್‌ಗೆ ಫ್ಲೋರಿಡಾ ಸೇರುತ್ತೆ, ತಿಳಿಸಿಡಿ, ಆದ್ರೆ ಕೇಸ್ ಅವರು ನಡ್ಸಲ್ಲ. ಆ ಇನ್‌ಸ್ಟಾ ಅಕೌಂಟ್ ಡಿಲೀಟ್ ಮಾಡ್ಬೇಡ ಅಂತ ತಮ್ಮಂಗೆ ಹೇಳಿ. ಕೇಸ್ ಬಗ್ಗೆ ಲಾಯರ್ ಬಿಟ್ಟು ಯಾರ್ ಹತ್ರಾನೂ ಮಾತಾಡೋದು ಬೇಡ, ನಿಮ್ಮ ವಾಟ್ಸಾಪ್‌ನಲ್ಲೂ.

ಹಸಿರುಕಾರ್ಡು:
ಒಂದ್ ಸೇರಿಸ್ತೀನಿ. ವೀಸಾ ಮೇಲಿರೋರಿಗೆ ಸ್ಟಾಕಿಂಗ್‌ನಲ್ಲಿ ಕನ್ವಿಕ್ಷನ್ (ಅಪರಾಧ ಸಾಬೀತು) ಆದ್ರೆ ಡಿಪೋರ್ಟ್ ಮಾಡೋಕೆ ಅದೇ ಕಾರಣ ಸಾಕು. ಬೇಗ ಮುಗೀಲಿ ಅಂತ "ನೋ ಕಾಂಟೆಸ್ಟ್" (ಆರೋಪಕ್ಕೆ ಎದುರಾಡಲ್ಲ) ಅಂದು ಸಹಿ ಹಾಕ್ಬಿಟ್ರೆ, ಕೋರ್ಟ್ "ಅಡ್ಜುಡಿಕೇಶನ್ ವಿತ್‌ಹೆಲ್ಡ್" ಅಂತ, ಅಂದ್ರೆ ಅಪರಾಧಿ ಅಂತ ಘೋಷಿಸ್ದೆ, ಪ್ರೊಬೇಶನ್ ಮೇಲೆ ಬಿಟ್ರೂ ಇಮಿಗ್ರೇಶನ್‌ನವರಿಗೆ ಅದು ಕನ್ವಿಕ್ಷನ್ನೇ. ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪಿನ ಪ್ರಕಾರ ಕ್ರಿಮಿನಲ್ ಲಾಯರ್ ಇದನ್ನ ಮೊದ್ಲೇ ಹೇಳ್ಬೇಕು. ಹೇಳಿದ್ರೂ ಇಮಿಗ್ರೇಶನ್ ಲಾಯರ್ ಒಬ್ರನ್ನ ಬೇರೆ ಇಟ್ಕೊಳ್ಳಿ.

ಬಸವನಗುಡಿ:
ನಾನು ಆ ಹುಡುಗಿ ಜಾಗದಲ್ಲಿದ್ದೋಳು, ಇಲ್ಲೇ ಬೆಂಗಳೂರಲ್ಲಿ. ನಂಗೂ "ಊಟ ಆಯ್ತಾ" ಅಂತಾನೇ ಬರ್ತಿತ್ತು, ಒಂದ್ ನಂಬರ್ ಬ್ಲಾಕ್ ಮಾಡಿದ್ರೆ ಇನ್ನೊಂದ್ರಿಂದ. ಫೋನ್ ಮೇಜಿನ ಮೇಲೆ ಮಗುಚಿ ಇಟ್ಟು ಊಟ ಮಾಡ್ತಿದ್ದೆ, ಅದು ಗುಯ್ ಅಂದ್ರೆ ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ. ಅವರಮ್ಮ ಹೂವು ಹಣ್ಣು ತಗೊಂಡು ಬಂದ್ರು. ಎಲ್ಲರೂ ನನ್ನನ್ನೇ ನೋಡ್ತಿದ್ರು, ಕ್ಷಮಿಸ್ಬಿಡಮ್ಮ ಅಂತ. ಆವತ್ತು ರಾತ್ರಿ ಅನ್ನಿಸ್ತು, ಇವನಿಗೆ ನಮ್ಮನೆ ಬಾಗಿಲೂ ಗೊತ್ತಾಯ್ತು ಅಂತ. ಇಲ್ಲೂ ಇದು ಅಪರಾಧಾನೇ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 78, ಮೊದಲ್ನೇ ಸಲ 3 ವರ್ಷದವರೆಗೆ, ಮತ್ತೆ ಮಾಡಿದ್ರೆ 5. ನಿಮ್ಮಮ್ಮನ ಸಂಕಟ ಅರ್ಥ ಆಗುತ್ತೆ ಅಕ್ಕಾ, ಆದ್ರೆ ಆ ಮನೆ ಬಾಗಿಲಿಗೆ ಹೋಗ್ಬೇಡಿ.

ವಿಜಯನಗರದಕ್ಕ:
ಬಸವನಗುಡಿಯವರು ಬರೆದಿದ್ದನ್ನ ಅಮ್ಮಂಗೆ ಓದಿ ಹೇಳ್ದೆ. ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಆ ಹುಡುಗಿ ಸರಿಯಾಗಿ ಊಟ ಮಾಡ್ತಿದಾಳೋ ಇಲ್ವೋ ಅಂದ್ರು. ತುಮಕೂರಿಗೆ ಹೋಗಲ್ಲ. ತಮ್ಮಂಗೆ ರಾತ್ರಿ ಫೋನ್ ಮಾಡಿ ಲಾಯರ್ ವಿಷಯ ಹೇಳ್ತೀನಿ.