650ಕ್ಕೆ ಹೋಗಲಾ, 400 ಸಾಕಾ? ಓಡಿಸಿದವರು ಹೇಳಿ

ಮೂಡಿಗೆರೆ_ಹುಡುಗ:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಒಂದು ಹಳೇ 350 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಈಗ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಮೇಲೆ ಕಣ್ಣಿದೆ. ಟ್ರಯಂಫ್ ಸ್ಪೀಡ್ 400 ಸಾಕು ಅಂತ ಒಬ್ಬ ಗೆಳೆಯ, ಬಿಎಸ್‌ಎ ಗೋಲ್ಡ್ ಸ್ಟಾರ್ ನೋಡು ಅಂತ ಇನ್ನೊಬ್ಬ. ವಾರಪೂರ್ತಿ ಆಫೀಸಿಗೆ ಮೆಟ್ರೋದಲ್ಲೇ ಹೋಗೋದು. ಬೈಕ್ ಬೇಕಿರೋದು ಶನಿವಾರ, ಭಾನುವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ಬೆಂಗಳೂರಿಂದ ಊರಿಗೆ. ಹಿಂದೆ ಹೆಂಡತಿ ಇರ್ತಾಳೆ. ನನ್ನ ಎತ್ತರ ಐದಡಿ ಆರಿಂಚು. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ, ಓಡಿಸಿದವರು ಹೇಳಿ.

ಘಾಟಿದಾರಿ:
ನನ್ನದು 2019ರ ಇಂಟರ್‌ಸೆಪ್ಟರ್, 58 ಸಾವಿರ ಕಿಲೋಮೀಟರ್ ಆಗಿದೆ. ಅದರಲ್ಲಿ ಅರ್ಧ ಪುತ್ತೂರು–ಬೆಂಗಳೂರು ಓಡಾಟವೇ.

ಬರೀ ಪವರ್ ನೋಡಿ ತೀರ್ಮಾನ ಮಾಡಬೇಡಿ ಸರ್. ಇಂಟರ್‌ಸೆಪ್ಟರ್‌ಗೆ 47 ಚಿಲ್ಲರೆ ಪಿಎಸ್ (ಹಾರ್ಸ್‌ಪವರ್ ಥರದ ಅಳತೆ), ಸ್ಪೀಡ್ 400ಕ್ಕೆ 40. ಇಷ್ಟೇನಾ ವ್ಯತ್ಯಾಸ ಅನಿಸುತ್ತೆ. ಟಾರ್ಕ್ ನೋಡಿ, ಅಂದರೆ ಎಂಜಿನ್ನಿನ ಎಳೆಯೋ ಬಲ, ಅದೂ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತೋ ಲೆಕ್ಕ) ಸಿಗುತ್ತೆ ಅಂತ ನೋಡಿ. ಇದಕ್ಕೆ 5,200ರ ಆಸುಪಾಸಿನಲ್ಲಿ 52 ನ್ಯೂಟನ್ ಮೀಟರ್, ಅದಕ್ಕೆ 6,500ರಲ್ಲಿ 37.5. ಅದರಲ್ಲೂ ಇಂಟರ್‌ಸೆಪ್ಟರ್‌ಗೆ 2,500ಕ್ಕೇ 80% ಟಾರ್ಕ್ ಬಂದಿರುತ್ತೆ ಅಂತ ಕಂಪನಿ ಹೇಳಿಕೊಂಡಿತ್ತು, ಓಡಿಸಿದರೆ ಸುಳ್ಳಲ್ಲ ಅಂತ ಗೊತ್ತಾಗುತ್ತೆ. ಬೇಲೂರು ದಾಟಿ ನಿಮ್ಮೂರ ಕಡೆ ಹೋಗ್ತಿದ್ದೀರಿ ಅಂದುಕೊಳ್ಳಿ, ಮುಂದೆ ಕಾಫಿ ಮೂಟೆ ತುಂಬಿದ ಪಿಕಪ್, ಹಿಂದೆ ಹೆಂಡತಿ, ಎರಡೂ ಕಡೆ ಬ್ಯಾಗು, ರಸ್ತೆ ನೇರ ಸಿಗೋದು ನೂರು ಮೀಟರ್ ಅಷ್ಟೇ. ಮೂರನೇ ಗೇರಿನಲ್ಲೇ ಸ್ವಲ್ಪ ತಿರುವಿದರೆ ಪಿಕಪ್ ಹಿಂದೆ ಬಿದ್ದಿರುತ್ತೆ. ಗೇರ್ ಇಳಿಸೋ ಗಡಿಬಿಡಿ ಇಲ್ಲ.

ಇಂಟರ್‌ಸೆಪ್ಟರ್ ಸದ್ದು ಯಾಕೆ ಒಂದೇ ಸಮ ಇರಲ್ಲ ಅಂತ ತುಂಬಾ ಜನ ಕೇಳ್ತಾರೆ. ಪಿಸ್ಟನ್‌ಗಳು ತಿರುಗಿಸೋ ದಂಡ, ಅಂದರೆ ಕ್ರ್ಯಾಂಕ್, 270 ಡಿಗ್ರಿಯದು. ಎರಡು ಸಿಲಿಂಡರ್ ಸಮ ಅಂತರದಲ್ಲಿ ಸಿಡಿಯಲ್ಲ. ಒಂದರ ಹಿಂದೆ ಇನ್ನೊಂದು ಬೇಗ, ಆಮೇಲೆ ಉದ್ದ ಬಿಡುವು.

ಇನ್ನು ತೂಕ. 2018ರಲ್ಲಿ ಬಂದಾಗ 202 ಕೆಜಿ ಅಂತಿತ್ತು, ಅದು ಪೆಟ್ರೋಲ್ ಬಿಟ್ಟು ಹೇಳಿದ ಲೆಕ್ಕ. ಟ್ಯಾಂಕ್ ತುಂಬಿಸಿದರೆ 217ರ ಹತ್ತಿರ. ಓಡುವಾಗ ಇದು ಗೊತ್ತೇ ಆಗಲ್ಲ, ನಿಂತಾಗ ಗೊತ್ತಾಗುತ್ತೆ. ತಗೊಂಡ ಮೂರನೇ ವಾರ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಇಳಿಜಾರಿನ ಮಧ್ಯೆ ನಿಲ್ಲಿಸಿ ಜೇಬಿಂದ ಫೋನ್ ತೆಗೆದೆ. ಮುಂದಿನ ಬ್ರೇಕ್ ಮೇಲಿದ್ದ ಕೈ ಬಿಟ್ಟಿತು, ಗಾಡಿ ಎರಡಡಿ ಜಾರಿತು, ಎಡಗಾಲು ಊರಿದ ಕಡೆ ನೆಲ ಇನ್ನೂ ಕೆಳಗಿತ್ತು. ಮೆಲ್ಲಗೆ ಮಲಗಿಬಿಟ್ಟಿತು, ಎಮ್ಮೆ ಮಲಗಿದ ಹಾಗೆ. ವಾಚ್‌ಮನ್ನೂ ಹಾಲಿನ ಹುಡುಗನೂ ಬಂದು ಎತ್ತಿದರು. ತಪ್ಪು ಪೂರ್ತಿ ನನ್ನದೇ.

ಇನ್ನೊಂದು, ನನ್ನದು ಕಡ್ಡಿ ಚಕ್ರ, ಒಳಗೆ ಟ್ಯೂಬು. ದೋಣಿಗಾಲ್ ದಾಟಿ ಘಾಟಿ ಇಳಿಯುವಾಗ ಹಿಂದಿನ ಟೈರಿಗೆ ಮೊಳೆ ಹೊಕ್ಕಿತು. ಟ್ಯೂಬ್‌ಲೆಸ್ ಆಗಿದ್ದರೆ ಹತ್ತು ನಿಮಿಷದ ಕೆಲಸ. ನಾನು ಚಕ್ರ ಬಿಚ್ಚಿ, ಬಸ್ಸಿಗೆ ಕೈ ಅಡ್ಡ ಹಾಕಿ ಚಕ್ರದ ಜೊತೆ ವಾಪಸ್ ಸಕಲೇಶಪುರಕ್ಕೆ ಹೋದೆ. ಕಂಡಕ್ಟರ್ ಚಕ್ರಕ್ಕೂ ಲಗೇಜ್ ಟಿಕೆಟ್ ಹರಿದ! 2023ರಿಂದ ಕೆಲವು ಬಣ್ಣಗಳಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಬರ್ತಿದೆ. ಬಣ್ಣ ಇಷ್ಟ ಆಗದಿದ್ದರೂ ಅದನ್ನೇ ತಗೊಳ್ಳಿ.

ನಾನೂರರವ:
ಮೇಲಿನವರು ಹೇಳಿದ್ದು ಅರ್ಧ ಒಪ್ತೀನಿ. ಸ್ಪೀಡ್ 400 ತಗೊಂಡು ಒಂದೂವರೆ ವರ್ಷ. ಇದು ಹತ್ತಿರ ಹತ್ತಿರ 40 ಕೆಜಿ ಕಡಿಮೆ ಗುರು! ಸೀಟಿನ ಎತ್ತರ 790 ಮಿಲಿಮೀಟರ್, ಅದರದ್ದು 804. ನಾನೂ ಐದಡಿ ಐದಿಂಚು, ಎರಡೂ ಪಾದ ನೆಲಕ್ಕೆ ಸಿಗುತ್ತೆ. ಗೇರ್ ಇಳಿಸಬೇಕು ನಿಜ, ಇಳಿಸಿದರೆ ಮಜಾ ಅಲ್ವಾ? 6,000 ಆರ್‌ಪಿಎಂ ದಾಟಿದ ಮೇಲೆ ಇದು ಓಡೋ ರೀತಿಯೇ ಬೇರೆ. 17 ಇಂಚಿನ ಚಕ್ರ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ. ಸರ್ವಿಸ್ 16,000 ಕಿಲೋಮೀಟರ್‌ಗೆ ಅಥವಾ ವರ್ಷಕ್ಕೊಮ್ಮೆ. ಆದರೆ ಹಿಂದೆ ಹೆಂಡತಿ, ಲಗೇಜು ಅಂದಿದ್ದೀರಿ. ಇಬ್ಬರು ಕೂತು ಹಾಸನದ ತನಕ ಹೋದರೆ ನನ್ನವಳು ಎರಡು ಸಲ ಇಳಿದು ಬೆನ್ನು ನೆಟ್ಟಗೆ ಮಾಡ್ಕೋತಾಳೆ. ಸುಮ್ನೆ ಮುಚ್ಚಿಡಲ್ಲ.

ಲೆಕ್ಕದ_ಪುಸ್ತಕ:
ಬೈಕ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ದುಡ್ಡಿನದ್ದು ಹೇಳ್ತೀನಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನದಕ್ಕೆ ಜಿಎಸ್‌ಟಿ 18%, ಮೇಲಿನದಕ್ಕೆ 40%. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2022ರ ದರದಲ್ಲಿ 350 ಸಿಸಿ ತನಕ 7,365, ಅದಕ್ಕಿಂತ ಮೇಲೆ 15,117 ರೂಪಾಯಿ, ತೆರಿಗೆ ಬೇರೆ. ಅಂದರೆ 398 ಸಿಸಿಯ ಸ್ಪೀಡೂ 648 ಸಿಸಿಯ ಇಂಟರ್‌ಸೆಪ್ಟರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಉಳಿಸಲೇಬೇಕು ಅಂದರೆ 348 ಸಿಸಿಯ ಹೋಂಡಾ ಸಿಬಿ350. ಆದರೆ ಅದು 21 ಪಿಎಸ್. ಹಳೇ 350 ಬಿಟ್ಟು ಮತ್ತೆ 350ಕ್ಕೆ ಯಾಕೆ ಹೋಗ್ತೀರಿ?

ಮೈಸೂರು_ಮಂದಿ:
ಗೋಲ್ಡ್ ಸ್ಟಾರ್ ಬಗ್ಗೆ ಯಾರೂ ಹೇಳಲಿಲ್ಲ. ಎರಡು ದಿನ ಭಾವನ ಗಾಡಿ ಓಡಿಸಿದ್ದೇನೆ. 652 ಸಿಸಿ, ಒಂದೇ ಸಿಲಿಂಡರು. 45.6 ಪಿಎಸ್, ಟಾರ್ಕ್ 55, ಅದೂ 4,000ಕ್ಕೇ. ಕೆಳಗಿನ ಎಳೆತದಲ್ಲಿ ಇಂಟರ್‌ಸೆಪ್ಟರನ್ನೂ ಮೀರಿಸುತ್ತೆ. ಗೇರ್ ಮಾತ್ರ ಐದೇ, ಟ್ಯಾಂಕ್ 12 ಲೀಟರ್. ಅಷ್ಟು ದೊಡ್ಡ ಪಿಸ್ಟನ್ ಒಂದೇ ಇದ್ದರೆ ವೇಗ ಜಾಸ್ತಿ ಆದಾಗ ಕಾಲಿನ ಕೆಳಗೆ ಗೊತ್ತಾಗುತ್ತೆ, ಎರಡು ಸಿಲಿಂಡರಿನ ನಯ ಸಿಗಲ್ಲ. ಆದರೂ ನನಗೆ ಇಷ್ಟ. ಜಾವಾ, ಯೆಜ್ಡಿಗಳನ್ನು ವಾಪಸ್ ತಂದ ಕಂಪನಿಯವರದೇ ಇದು, ನಮ್ಮೂರ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿದ್ದನ್ನು ನೋಡಿದವನಿಗೆ ಇಷ್ಟು ಪಕ್ಷಪಾತ ಇರಬಹುದು, ಬಿಡಿ.

ಟಾಪ್ ಸ್ಪೀಡ್ ಅಂತ ಕವಾಸಕಿ ಝಡ್650ಆರ್‌ಎಸ್ ಕಡೆ ಮಾತ್ರ ನೋಡಬೇಡಿ. 68 ಪಿಎಸ್ ಇದೆ ನಿಜ, 2021ರಲ್ಲೇ ಬೆಲೆ 6.65 ಲಕ್ಷ ಇತ್ತು. ಓಡಿಸೋದೆಲ್ಲಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ನಮ್ಮನ್ನು ಬಿಡ್ತಿಲ್ಲ. 68 ಇರಲಿ, 20 ಇರಲಿ, ಎಲ್ಲರೂ ಸರ್ವಿಸ್ ರಸ್ತೆಯಲ್ಲಿ ಹಂಪು ಎಣಿಸಿಕೊಂಡು ಹೋಗೋದೇ.

ಮೂಡಿಗೆರೆ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಘಾಟಿದಾರಿ ಸರ್, ನಮ್ಮ ಮನೆ ಗೇಟ್ ಮುಂದೆಯೂ ಇಳಿಜಾರೇ, ಕೆಳಗೆ ಚರಂಡಿ. ಮೂತಿ ಒಳಗೆ ಹಾಕಿ ನಿಲ್ಲಿಸಿದರೆ ಹಿಂದಕ್ಕೆ ಒಬ್ಬನೇ ತಳ್ಳೋಕೆ ಆಗುತ್ತಾ?

ಘಾಟಿದಾರಿ:
ಆಗುತ್ತೆ, ಆದರೆ ಕಾಲಿಡೋ ಪೆಗ್ಗು ಮೀನಖಂಡಕ್ಕೆ ಬಡಿಯುತ್ತೆ, ನನ್ನ ಎರಡೂ ಕಾಲಲ್ಲಿ ಗುರುತಿದೆ. ಸಂಜೆ ಬಂದಾಗಲೇ ತಿರುಗಿಸಿ ಮೂತಿ ರಸ್ತೆ ಕಡೆ ಇರೋ ಹಾಗೆ ನಿಲ್ಲಿಸಿ, ಒಂದನೇ ಗೇರ್ ಹಾಕಿಟ್ಟು ಒಳಗೆ ಹೋಗಿ. ಟೆಸ್ಟ್ ರೈಡ್ ಗಾಡಿಯನ್ನು ಮನೆ ತನಕ ತರೋಕೆ ಬಿಡ್ತಾರಾ ಅಂತ ಕೇಳಿ, ಗೇಟಲ್ಲಿ ಒಂದು ಸಲ ಹತ್ತಿಸಿ ಇಳಿಸಿ ನೋಡಿ. ಮೇಡಂನೂ ಕರ್ಕೊಂಡು ಹೋಗಿ, ಹಿಂದೆ ಕೂರೋದು ಅವರು ತಾನೇ.