ಗಾಲಿಗೆ 'ಕಾಲು' ಕೊಡುವುದು: ಪುಟ್ಟ ರೈಲು ಇಂಜಿನ್ ಕಟ್ಟುವ ಕೆಲಸಕ್ಕೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಅದರ ಹಿಂದೆ ಇನ್ನೂ ಏಳೆಂಟು ಸಾಲುಗಟ್ಟಿ ನಿಂತಿವೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ಹಿತ್ತಾಳೆ ತಗಡಿನಲ್ಲಿ ಪುಟ್ಟ ರೈಲು ಇಂಜಿನ್ ಕಟ್ಟುವ ಹುಚ್ಚು. ಹಳೆಯ ಉಗಿ ಇಂಜಿನನ್ನು ಗೇಣುದ್ದಕ್ಕೆ ಇಳಿಸಿ, ಹೊಟ್ಟೆಯೊಳಗೆ ಸಣ್ಣ ಮೋಟರ್ ಇಟ್ಟು, ಹಳಿಯ ಮೇಲೆ ಓಡಿಸುವುದು. ಗೆಳೆಯರೊಬ್ಬರು ತಾವೂ ಕಲಿಯುತ್ತೇನೆ ಅಂದರು. ಕಿಟ್ ಜೊತೆ ಬರುವ ಇಂಗ್ಲಿಷ್ ಹಾಳೆ ಅವರಿಗೆ ಒಗ್ಗಲಿಲ್ಲ. ನಾನೇ ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂತ ಮಾತು ಕೊಟ್ಟೆ, ಹನ್ನೆರಡು ಪುಟ ಬರೆದೂ ಕೊಟ್ಟೆ. ಅದನ್ನು ನೋಡಿಕೊಂಡು ಅವರು ಕಟ್ಟಿದ ಮೊದಲ ಇಂಜಿನ್ ಅರ್ಧ ಸುತ್ತು ಉರುಳಿ ನಿಂತುಬಿಟ್ಟಿತು. ಅವರ ಕೈಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಕೈಕೊಟ್ಟಿದ್ದು ನನ್ನ ಒಂದು ಸಾಲು.

ಆ ಸಾಲು ಇದು: 'ಗಾಲಿಗಳನ್ನು ಕಾಲು ಭಾಗಕ್ಕೆ ಹೊಂದಿಸಿ ಅಚ್ಚಿಗೆ ಕೂರಿಸಿ.' ಅವರು ಗಾಲಿಯನ್ನು ಅಚ್ಚಿನ ಮೇಲೆ ಕಾಲು ಭಾಗದಷ್ಟೇ ತಳ್ಳಿ ಬಿಟ್ಟಿದ್ದರು. ನೀವೇ ಓದಿ ನೋಡಿ, ಅಲ್ಲಿ ಬರೆದಿರುವುದು ಅದೇ ಅಲ್ವಾ?

ನಾನು ಹೇಳಹೊರಟಿದ್ದು ಕ್ವಾರ್ಟರಿಂಗ್ ಬಗ್ಗೆ. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಮೇಲಿನ ಕಲ್ಲಿನ ಅಂಚಿನಲ್ಲಿ ಒಂದು ಗೂಟ ಇರುತ್ತದೆ. ಆ ಗೂಟವನ್ನು ನಡುವಿನ ಕಡೆಗೆ ನೇರವಾಗಿ ಎಷ್ಟು ಜೋರಾಗಿ ತಳ್ಳಿದರೂ ಕಲ್ಲು ತಿರುಗುವುದಿಲ್ಲ. ಪಕ್ಕಕ್ಕೆ ತಳ್ಳಿದರೆ ಮಾತ್ರ ತಿರುಗುತ್ತದೆ. ಉಗಿ ಇಂಜಿನ್ನಿನ ಗಾಲಿಗೂ ಹೀಗೇ ಒಂದು ಗೂಟ ಇದೆ. ಪಿಸ್ಟನ್ ತಳ್ಳುವ ದಿಕ್ಕಿನ ನೇರಕ್ಕೆ ಗೂಟ ಬಂದು ನಿಂತಾಗ ಆ ಬದಿಯ ಬಲವೆಲ್ಲ ವ್ಯರ್ಥ. ಅದಕ್ಕೇ ಎಡಗಡೆಯ ಗೂಟಕ್ಕೂ ಬಲಗಡೆಯ ಗೂಟಕ್ಕೂ ಕಾಲು ಸುತ್ತಿನ, ಅಂದರೆ 90 ಡಿಗ್ರಿಯ, ವ್ಯತ್ಯಾಸ ಇಡುತ್ತಾರೆ. ಒಂದು ಬದಿ ಸೋತಾಗ ಇನ್ನೊಂದು ಬದಿ ಪೂರ್ತಿ ಬಲದಲ್ಲಿರುತ್ತದೆ.

ಪುಟ್ಟ ಇಂಜಿನ್ನಿನಲ್ಲಿ ಪಿಸ್ಟನ್ ಬರೀ ತೋರಿಕೆಗೆ. ಮೋಟರ್ ಒಂದು ಅಚ್ಚನ್ನು ತಿರುಗಿಸುತ್ತದೆ, ಉಳಿದ ಅಚ್ಚುಗಳನ್ನು ಸಾಮಾನ್ಯವಾಗಿ ಪಕ್ಕದ ಕೋಲು ಎಳೆದುಕೊಂಡು ಹೋಗುತ್ತದೆ. ಇಲ್ಲಿ ವ್ಯತ್ಯಾಸ ಕರಾರುವಾಕ್ಕಾಗಿ 90 ಇಲ್ಲದೆ 88 ಆದರೂ ನಡೆಯುತ್ತದೆ. ಆದರೆ ಮೂರು ಅಚ್ಚಿದ್ದರೆ ಮೂರರಲ್ಲೂ ಅದೇ 88 ಇರಬೇಕು. ಒಂದರಲ್ಲಿ ಬೇರೆಯಾದರೆ ಕೋಲು ಕಚ್ಚಿಕೊಳ್ಳುತ್ತದೆ. ಗೆಳೆಯರು ಗಾಲಿಗಳನ್ನು ಆಮೇಲೆ ಪೂರ್ತಿ ಒಳಗೆ ತಳ್ಳಿದರು, ಆದರೆ ಗೂಟಗಳು ಎಲ್ಲೆಲ್ಲೋ ನಿಂತಿದ್ದವು. ಅರ್ಧ ಸುತ್ತಿಗೆ ನಿಂತಿದ್ದು ಅದಕ್ಕೇ.

ಈಗ ಇದಕ್ಕೆ ಏನನ್ನೋಣ? 'ಕಾಲು ತಿರುವು' ಅಂತ ಒಂದು ಹೊಳೆದಿದೆ. 'ಎರಡನೇ ಗಾಲಿಗೂ ಅದೇ ಕಾಲು ತಿರುವು ಕೊಡಿ' ಎಂದರೆ ಕಿವಿಗೆ ಚೆನ್ನಾಗಿದೆ. ತೊಂದರೆ ಏನೆಂದರೆ, 'ಕಾಲು ತಿರುವು ತಿರುಗಿಸಿ' ಎಂಬ ಅಪ್ಪಣೆಯ ಹಾಗೂ ಕೇಳಿಸುತ್ತದೆ. ಸ್ಕ್ರೂ ಬಿಗಿ ಮಾಡುವ ಕಡೆ ನಾನೇ ಆ ಅರ್ಥದಲ್ಲಿ ಬಳಸಿದ್ದೇನೆ. ಇನ್ನೊಂದು, ಬಡಗಿ ಗಾರೆಯವರ 'ಮೂಲೆಮಟ್ಟ'. 'ಗೂಟಗಳನ್ನು ಮೂಲೆಮಟ್ಟಕ್ಕೆ ತನ್ನಿ' ಅನ್ನಬಹುದು. ಆದರೆ ಇಂಜಿನ್ನಿನ ಚೌಕಟ್ಟು ಸೊಟ್ಟ ಇದೆಯಾ ಅಂತ ನೋಡುವಾಗ ಮೂಲೆಮಟ್ಟ ನಿಜವಾಗಿಯೂ ಕೈಯಲ್ಲಿ ಬೇಕು. ಒಂದೇ ಪುಟದಲ್ಲಿ ಎರಡು ಮೂಲೆಮಟ್ಟ ಬಂದರೆ ಮತ್ತೆ ಎಡವಟ್ಟು. ಮೂರನೆಯದು 'ಗೂಟದ ಹೊಂದಿಕೆ'. ಸಪ್ಪೆಯಾಗಿದೆ, ಆದರೆ ತಪ್ಪರ್ಥಕ್ಕೆ ದಾರಿ ಇಲ್ಲ. ಯಾವ ಬದಿ ಮುಂದಿರುತ್ತದೆ ಎಂಬುದಕ್ಕಂತೂ 'ಬಲ ಮುಂದು', 'ಎಡ ಮುಂದು' ಸಾಕು ಅನಿಸಿದೆ. ಅದರ ಬಗ್ಗೆ ತಕರಾರಿಲ್ಲ.

ಕೋಲಿನ ಮಾತು ಬಂತಲ್ಲ, ಅಲ್ಲೂ ಒಂದು ಗಂಟಿದೆ. ಇಂಜಿನ್ನಿನ ಪಕ್ಕದಲ್ಲಿ ಎರಡು ಬಗೆಯ ಕೋಲುಗಳು ಕಾಣುತ್ತವೆ. ಒಂದು ಗಾಲಿಯಿಂದ ಗಾಲಿಗೆ ಹೋಗುತ್ತದೆ, ಅದು ಕಪ್ಲಿಂಗ್ ರಾಡ್. ಇನ್ನೊಂದು ಪಿಸ್ಟನ್ ಕಡೆಯಿಂದ ಬಂದು ಗೂಟವನ್ನು ತಳ್ಳುತ್ತದೆ, ಅದು ಕನೆಕ್ಟಿಂಗ್ ರಾಡ್. ಕನ್ನಡಕ್ಕೆ ತಂದರೆ ಎರಡೂ 'ಜೋಡಿಸುವ ಕೋಲು'. ಒಂದನ್ನು 'ಸಂಪರ್ಕ ದಂಡ', ಇನ್ನೊಂದನ್ನು 'ಸಂಯೋಜಕ ದಂಡ' ಅಂತ ಕರೆಯಬಹುದು, ಆದರೆ ಯಾವುದು ಯಾವುದೆಂದು ಬರೆದವನಿಗೇ ಮರೆತುಹೋಗುತ್ತದೆ. ನಾನು ಹೆಸರಿನ ಮುಖ ನೋಡುವುದು ಬಿಟ್ಟು ಕೆಲಸ ನೋಡಿದೆ. ಮೊದಲನೆಯದು ಗಾಲಿಗಳನ್ನು ಜೊತೆಯಾಗಿ ನಡೆಸುತ್ತದೆ, ಹಾಗಾಗಿ 'ಜೊತೆಗೋಲು'. ಎರಡನೆಯದು ತಳ್ಳುತ್ತದೆ, 'ತಳ್ಳುಗೋಲು'. ತಳ್ಳುಗೋಲು ಎಳೆಯುತ್ತದೆ ಕೂಡ, ನಿಜ. ಆದರೂ ಗೆಳೆಯರಿಗೆ ಒಂದೇ ಸಲಕ್ಕೆ ಹಿಡಿಸಿತು. ನಿಮಗೆ ಇದಕ್ಕಿಂತ ಒಳ್ಳೆಯದು ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಇವೆರಡನ್ನೂ ನಾನು ಬಿಡುವುದಿಲ್ಲ.

'ಅಚ್ಚು' ಎನ್ನುವುದರಲ್ಲೂ ಅವರು ಒಮ್ಮೆ ಸಿಕ್ಕಿಬಿದ್ದರು. ಬಂಡಿಯ ಅಚ್ಚು ಎಲ್ಲರಿಗೂ ಗೊತ್ತು. ಆದರೆ ಇದೇ ಕಿಟ್‌ನಲ್ಲಿ ಅಚ್ಚಿಗೆ ಹುಯ್ದು ಮಾಡಿದ ಬಿಡಿಭಾಗಗಳೂ ಇರುತ್ತವೆ: ಹೊಗೆಕೊಳವೆ, ದೀಪ, ಗುಮ್ಮಟ. 'ಅಚ್ಚಿನ ಭಾಗಗಳನ್ನು ಕೊನೆಗೆ ಹಚ್ಚಿ' ಅಂತ ಬರೆದಿದ್ದೆ. ಅವರು ಗಾಲಿಯ ಅಚ್ಚನ್ನು ಕೊನೆಗೆ ಎತ್ತಿಟ್ಟರು. ಈಗ ಅದನ್ನು 'ಎರಕದ ಭಾಗ' ಎಂದು ತಿದ್ದಿದ್ದೇನೆ. ಅಚ್ಚು ಗಾಲಿಗೆ ಮಾತ್ರ.

ಇಷ್ಟೆಲ್ಲ ಅತ್ತ ಮೇಲೆ ಒಂದು ಖುಷಿಯ ವಿಷಯ. ಕೆಲವು ಪದಗಳನ್ನು ಹುಟ್ಟಿಸಬೇಕಾಗಿಯೇ ಇರಲಿಲ್ಲ. ಬೆಸುಗೆ ಹಾಕುವ ಮೊದಲು ಎರಡು ತುಂಡುಗಳಿಗೂ ತೆಳ್ಳಗೆ ತವರ ಬಳಿಯಬೇಕು, ಬೆಸುಗೆ ಕಡ್ಡಿಯ (ಬೆಸುಗೆ ಕರಗಿಸುವ ಬಿಸಿ ಉಪಕರಣದ) ಮೂತಿಗೂ ಬಳಿದಿರಬೇಕು. ಇಂಗ್ಲಿಷ್ ಹಾಳೆಯಲ್ಲಿ ಟಿನ್ನಿಂಗ್ ಅಂತಿತ್ತು. ನಾನು 'ತವರಲೇಪನ' ಅಂತ ಬರೆದು ಬೀಗಿದ್ದೆ. ಗೆಳೆಯರು ಓದಿ, 'ಓ, ಕಲಾಯಿ ಹಾಕೋದಾ?' ಅಂದರು. ಹೌದಲ್ಲ! ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿಯೇ ಇದು. ಲೋಹ ಅದೇ, ಕಾಯಿಸಿ ಒರೆಸುವ ಕೈಚಳಕ ಅದೇ. ಕಲಾಯಿಯವರು ಬಳಸುವ ನವಸಾಗರದ ಗಟ್ಟಿಯ ಮೇಲೆ ಉಜ್ಜಿಯೇ ಬೆಸುಗೆ ಕಡ್ಡಿಯ ಮೂತಿಯನ್ನೂ ಶುಚಿ ಮಾಡುವುದುಂಟು. ತವರಲೇಪನಕ್ಕೆ ಅಲ್ಲೇ ಗೀಟು ಹಾಕಿದೆ.

ಅದೇ ಉತ್ಸಾಹದಲ್ಲಿ, ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್‌ಗೆ 'ಬಿಳಿಗಾರ' ಅಂತ ಬರೆದೆ, ಅದು ತಪ್ಪಾಯಿತು. ಬಿಳಿಗಾರ ಅಕ್ಕಸಾಲಿಗರ ವಸ್ತು. ಅದು ಕರಗುವುದಕ್ಕೇ 700 ಡಿಗ್ರಿಗಿಂತ ಜಾಸ್ತಿ ಕಾವು ಬೇಕು. ನಮ್ಮ ತವರ-ಸೀಸದ ಬೆಸುಗೆ 190 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಎರಕದ ಭಾಗಗಳಿಗೆ ಬಳಸುವ ಬೆಸುಗೆಯಂತೂ 70 ಡಿಗ್ರಿಗೇ ಕರಗುವಂಥದ್ದು. ಕಾವು ಸ್ವಲ್ಪ ಮೀರಿದರೆ ಬೆಸುಗೆಯ ಜೊತೆ ಹೊಗೆಕೊಳವೆಯೂ ಕರಗಿ ಬೆಳ್ಳನೆಯ ಹನಿಯಾಗಿ ಮೇಜಿನ ಮೇಲೆ ಕೂರುತ್ತದೆ. ನನ್ನ ಹತ್ತಿರ ಅಂಥ ಹನಿಗಳು ಎರಡಿವೆ, ನೆನಪಿಗೆ ಇಟ್ಟುಕೊಂಡಿದ್ದೇನೆ. ಹಿತ್ತಾಳೆಗೆ ನಾವು ಹಚ್ಚುವುದು ತೆಳುವಾದ ಫಾಸ್ಫಾರಿಕ್ ಆಸಿಡ್. ಅದಕ್ಕೆ ಸದ್ಯಕ್ಕೆ 'ಬೆಸುಗೆರಸ' ಎಂದಿದ್ದೇನೆ. ಯಾರಾದರೂ ಕೆಲಸದ ಜಾಗದಲ್ಲಿ ಬೇರೆ ಮಾತು ಕೇಳಿದ್ದೀರಾ?

ತಗಡಿನದೂ ಇದೇ ಕಥೆ. ಇಂಜಿನ್ನಿನ ಭಾಗಗಳೆಲ್ಲ ಒಂದೇ ಹಾಳೆಯಲ್ಲಿ ಬರುತ್ತವೆ. ಬೇಕಾದ ಆಕಾರ ಬಿಟ್ಟು ಉಳಿದ ಲೋಹವನ್ನು ರಾಸಾಯನಿಕ ತಿಂದುಹಾಕಿರುತ್ತದೆ. ಒಂದೊಂದು ಭಾಗವೂ ಸುತ್ತಲಿನ ಚೌಕಟ್ಟಿಗೆ ಸಣ್ಣ ಸಣ್ಣ ಎಳೆಗಳಿಂದ ಅಂಟಿಕೊಂಡಿರುತ್ತದೆ. ಆ ಎಳೆಗೆ 'ತೊಟ್ಟು' ಎಂದೆ. ಕಾಯಿಯ ತೊಟ್ಟು ಕಿತ್ತ ಹಾಗೆಯೇ. 'ತೊಟ್ಟು ಕತ್ತರಿಸಿ, ಉಳಿದ ಮೊಂಡನ್ನು ಅರದಿಂದ ಉಜ್ಜಿ' ಎಂದರೆ ಇನ್ನೇನೂ ವಿವರಿಸಬೇಕಿಲ್ಲ. ಮಡಿಚುವ ಕಡೆ ಲೋಹವನ್ನು ಅರ್ಧ ದಪ್ಪಕ್ಕೆ ಮಾತ್ರ ತಿನ್ನಿಸಿರುತ್ತಾರೆ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ ಅನ್ನುತ್ತೇವಲ್ಲ, ಆ ಬಳಕೆಯನ್ನೇ ಹಿಡಿದು 'ಅರೆತಿಂದ ಗೆರೆ' ಎಂದೆ. ಗೆಳೆಯರು ನಕ್ಕರು. ಯಾರೋ ಬಿಸ್ಕತ್ತು ಕಚ್ಚಿಟ್ಟ ಹಾಗಿದೆಯಂತೆ. ಆದರೆ 'ಅರೆತಿಂದ ಗೆರೆ ಮಡಿಕೆಯ ಒಳಬದಿಗೆ ಬರಲಿ' ಎಂಬ ಸಾಲನ್ನು ಮಾತ್ರ ಅವರು ಒಮ್ಮೆಯೂ ತಪ್ಪಲಿಲ್ಲ. ನಗು ಬಂದ ಪದ ನೆನಪಿನಲ್ಲಿ ಉಳಿಯುತ್ತದೋ ಏನೋ.

ಅರ ಅಂದೆ. ಈ ಪದವನ್ನು ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಫೈಲ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಒಮ್ಮೆ ಸುಮ್ನೆ ಕುತೂಹಲಕ್ಕೆ ಇಂಗ್ಲಿಷ್ ಹಾಳೆಯನ್ನು ಕಂಪ್ಯೂಟರ್‌ನಿಂದ ಅನುವಾದ ಮಾಡಿಸಿದೆ. 'ಅಂಚನ್ನು ಸಣ್ಣ ಕಡತದಿಂದ ಉಜ್ಜಿ' ಅಂತ ಬಂತು. ಇಂಜಿನ್ನಿನ ಹಿಂದೆ ಕಲ್ಲಿದ್ದಲು ನೀರು ಹೊರುವ ಟೆಂಡರ್ 'ಗುತ್ತಿಗೆ' ಆಗಿತ್ತು. ತುಂಡನ್ನು ಬಿಗಿಯಾಗಿ ಹಿಡಿಯುವ ವೈಸ್ ಏನಾಗಿತ್ತು ಅಂತ ಹೇಳುವುದು ಬೇಡ, ಅದು ದುಶ್ಚಟಗಳ ಪಟ್ಟಿಗೆ ಸೇರಿತ್ತು. ಅರಕ್ಕೆ ಈ ಕಾಟ ಇಲ್ಲ. ಸೂಜಿಯಷ್ಟು ಸಣ್ಣದು 'ಸೂಜಿ ಅರ', ಒಂದು ಬದಿ ಚಪ್ಪಟೆ ಇನ್ನೊಂದು ಬದಿ ದುಂಡಗಿದ್ದರೆ 'ಅರೆದುಂಡು ಅರ'. ಚಿಮಟ, ಇಕ್ಕಳ, ಗರಗಸ ಇವಕ್ಕೆ ಚರ್ಚೆಯೇ ಬೇಕಿಲ್ಲ. ಲೇತ್ ಲೇತೇ ಇರಲಿ. 'ಕಡಚಲು ಯಂತ್ರ' ಎಂದರೆ ಓದುವವರು ನಿಂತು ಯೋಚಿಸುತ್ತಾರೆ. ಆದರೆ ಕ್ರಿಯೆಗೆ 'ಕಡೆ' ಚೆನ್ನಾಗಿ ಕೂರುತ್ತದೆ: ಲೇತಿನಲ್ಲಿ ಕಡೆದ ಗುಮ್ಮಟ.

ಇನ್ನು ಸ್ಕೇಲ್ ಮತ್ತು ಗೇಜ್. ನಮಗೆ ಸ್ಕೇಲ್ ಎಂದರೆ ಗೆರೆ ಎಳೆಯುವ ಪಟ್ಟಿ. ಹಾಗಾಗಿ 1:87 ಎನ್ನುವುದಕ್ಕೆ 'ಇಳಿಕೆ' ಎಂದು ಬರೆದೆ, 87 ಪಟ್ಟು ಇಳಿಸಿದ್ದು ಅಂತ. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ, ಗಾಲಿಗಳ ಅಂತರ ನೋಡುವ ಲೋಹದ ತುಂಡು, ತಗಡಿನ ದಪ್ಪ, ಮೂರೂ ಹೌದು. ಇಳಿಕೆ, ಹಳಿಗಳ ಅಂತರ ಇವೆರಡನ್ನಂತೂ ಬೇರೆ ಬೇರೆ ಇಡಲೇಬೇಕು. ಎಚ್‌ಓ ಎಂಬ ಬಗೆಯಲ್ಲಿ ಇಳಿಕೆ 1:87, ಹಳಿಯಂತರ 16.5 ಮಿಲಿಮೀಟರ್. ಓಓ ಎಂಬ ಬ್ರಿಟಿಷ್ ಬಗೆಯಲ್ಲಿ ಇಳಿಕೆ 1:76.2, ಹಳಿಯಂತರ ಮಾತ್ರ ಅದೇ 16.5. ನಿಜವಾದ 1435 ಮಿಲಿಮೀಟರ್ ಹಳಿಯನ್ನು ಆ ಲೆಕ್ಕದಲ್ಲಿ ಇಳಿಸಿದರೆ 18.83 ಬರಬೇಕು. ಬ್ರಿಟನ್ನಿನ ಇಂಜಿನ್‌ಗಳ ಮೈ ಕಿರಿದು, 1:87ಕ್ಕೆ ಇಳಿಸಿದರೆ ಆಗಿನ ಮೋಟರ್ ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿ ಹಾಗೇ ಬಿಟ್ಟು ಮೈಯನ್ನು ಮಾತ್ರ ಹಿಗ್ಗಿಸಿದರು. 'ಅಳತೆ' ಎಂಬ ಒಂದೇ ಪದದಲ್ಲಿ ಎರಡನ್ನೂ ಹೇಳಹೊರಟರೆ ಈ ಕಥೆಯೇ ಅರ್ಥವಾಗುವುದಿಲ್ಲ. ಇಳಿಕೆ, ಹಳಿಯಂತರ. ನಿಮಗೆ ಒಪ್ಪಿಗೆಯಾ? 'ಇಳಿಕೆ' ಬೆಲೆ ಇಳಿಕೆಯ ಹಾಗೆ ಕೇಳಿಸುತ್ತದೆ ಎಂದು ಮನೆಯಲ್ಲಿ ಆಗಲೇ ಆಕ್ಷೇಪಣೆ ಬಂದಿದೆ.

ಇಡೀ ವಸ್ತುವಿಗೇ ಏನನ್ನುವುದು ಎಂಬುದು ಹಳೇ ಜಗಳ. 'ಮಾದರಿ ರೈಲು' ಎಂದರೆ ಮಾದರಿ ಶಾಲೆಯ ಹಾಗೆ, ಎಲ್ಲ ರೈಲುಗಳೂ ಅನುಸರಿಸಬೇಕಾದ ರೈಲು. 'ಪ್ರತಿಕೃತಿ' ಎಂದ ತಕ್ಷಣ ಸುಡುವುದು ನೆನಪಾಗುತ್ತದೆ. 'ಪುಟಾಣಿ ರೈಲು' ಮಕ್ಕಳು ಹತ್ತಿ ಕೂರುವಂಥದ್ದು. 'ಆಟದ ರೈಲು' ಎಂದರೆ ಕಟ್ಟುವವರಿಗೆ ಸಿಟ್ಟು ಬರುತ್ತದೆ, ನನಗೂ. ನಾನು 'ಕಿರುರೈಲು' ಎನ್ನುತ್ತಿದ್ದೇನೆ.

ಕೊನೆಗೆ, ಕನ್ನಡದ ಹೆಸರು ನನಗೆ ಸಿಗದೇ ಉಳಿದ ಉಪಕರಣ ಒಂದು. ಉದ್ದನೆಯ ಉಕ್ಕಿನ ಕಡ್ಡಿ, ಐದು ಮೂಲೆ, ತುದಿಗೆ ಹೋದಂತೆ ಸಪೂರ. ತೂತಿನೊಳಗೆ ಇಟ್ಟು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಅಂಚು ಕೂದಲೆಳೆಯಷ್ಟು ಕೆರೆದು ತೂತು ಅಗಲವಾಗುತ್ತದೆ. ಗಡಿಯಾರ ರಿಪೇರಿಯವರೂ ಬಳಸುತ್ತಾರೆ. ಇಂಗ್ಲಿಷ್‌ನಲ್ಲಿ ಬ್ರೋಚ್. ಜೊತೆಗೋಲಿನ ತೂತು ಗೂಟಕ್ಕೆ ಬಿಗಿಯಾದಾಗ ಇದೇ ಬೇಕು. ಬೈರಿಗೆ ಎನ್ನುವಂತಿಲ್ಲ, ಬೈರಿಗೆ ತೂತು ಕೊರೆಯುತ್ತದೆ, ಇದು ಇರುವ ತೂತನ್ನು ಹಿಗ್ಗಿಸುತ್ತದೆ. 'ತೂತುಗೆರೆ' ಅಂತ ಒಮ್ಮೆ ಬರೆದು ನಾನೇ ಅಳಿಸಿದೆ, ತೂತಿನ ಮೇಲೆ ಗೆರೆ ಎಳೆದ ಹಾಗಿತ್ತು. ಚಿನ್ನದ ಕೆಲಸ, ಗಡಿಯಾರದ ಕೆಲಸ ಮಾಡುವವರ ಮನೆಗಳಲ್ಲಿ ಬೆಳೆದವರು ಯಾರಾದರೂ ಇದ್ದರೆ, ಈ ಕಡ್ಡಿಯನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಿದ್ದರು? ಕ್ವಾರ್ಟರಿಂಗ್‌ಗೆ 'ಕಾಲು ತಿರುವು' ಇಡಲೋ, 'ಗೂಟದ ಹೊಂದಿಕೆ' ಇಡಲೋ ಅದನ್ನೂ ಹೇಳಿ. ಗೆಳೆಯರು ಎರಡನೇ ಇಂಜಿನ್ನಿನ ತೊಟ್ಟು ಕತ್ತರಿಸಲು ಶುರು ಮಾಡಿದ್ದಾರೆ, ಗಾಲಿಯ ಪುಟಕ್ಕೆ ಬರುವಷ್ಟರಲ್ಲಿ ನಾನು ಆ ಸಾಲು ತಿದ್ದಿರಬೇಕು.