ಸಾಣೆ ಹಿಡಿಸಿದ ಚೈನ್: ಚಕ್ಕೆ ಬರ್ತಿಲ್ಲ, ಬರೀ ಹಿಟ್ಟು. ಕೊಯ್ತ ಬಲಕ್ಕೆ ಎಳೀತಿದೆ

ಕಾಫಿಗಿಡ
ಮರ ಕೊಯ್ಯೋ ಮೋಟಾರ್ ಗರಗಸದ ಚೈನ್, ಮೆಷಿನ್ನಲ್ಲಿ ಸಾಣೆ ಹಿಡಿಸಿ ಆಗಿದೆ. ಬೆರಳಿಟ್ರೆ ಕುಯ್ಯುತ್ತೆ, ಅಷ್ಟು ಹರಿತ. ಮರಕ್ಕಿಟ್ರೆ ಮಾತ್ರ ರಾಗಿಹಿಟ್ಟಿನ ಥರ ಪುಡಿ. ಮೈಭಾರ ಹಾಕಿ ಒತ್ತಬೇಕು. ಅರ್ಧ ಅಡಿ ಇಳಿಯೋಷ್ಟರಲ್ಲಿ ಬಲಕ್ಕೆ ತಿರುಗಿ ಬಾರ್ (ಚೈನ್ ಸುತ್ತೋ ಉದ್ದನೆ ಪಟ್ಟಿ) ಸಿಕ್ಕಿಹಾಕ್ಕೊಳ್ಳುತ್ತೆ. ಮೇಲಿಂದ ಅರ ಹಾಕಿದ್ದೂ ಆಯ್ತು, ಏನೂ ಬದಲಾಗಿಲ್ಲ. ಮೆಷಿನ್ ಸಾಣೆ ಸರೀನಾ, ಕೈ ಅರ ಸರೀನಾ, ಒಂದು ಹೇಳಿಬಿಡಿ. ನಾಳೆ ಆಳು ಬರ್ತಾರೆ.

ಅರವೇ ಗತಿ
ಹಲ್ಲು ಸುಟ್ಟಿದ್ದಾರೆ, ಬೇರೇನಲ್ಲ. ಮೆಷಿನ್ನಿನ ಸಾಣೆಕಲ್ಲನ್ನ ಒಂದೇ ಸಮ ಒತ್ತಿ ಹಿಡಿದ್ರೆ ಮೊನೆ ನೀಲಿಯಾಗುತ್ತೆ, ಉಕ್ಕಿನ ಹದ ಹೋಗುತ್ತೆ. ಆಮೇಲೆ ಎಷ್ಟು ಹರಿತ ಮಾಡಿದ್ರೂ ಎರಡು ಕೊಯ್ತಕ್ಕೆ ಮೊಂಡು. ಚೈನ್ ಬಿಸಾಕಿ, ಒಂದು ಅರ ತಗೊಳ್ಳಿ.

ಕಾಫಿಗಿಡ
ನೀಲಿ ಎಲ್ಲೂ ಕಾಣ್ತಿಲ್ಲ.

ಅರವೇ ಗತಿ
ಕೊನೇಲಿ ಒಂದ್ಸಲ ಮೆಲ್ಲಗೆ ಸವರಿದ್ರೆ ಬಣ್ಣ ಹೋಗುತ್ತೆ, ಒಳಗಿನ ಸುಟ್ಟ ಪದರ ಹಾಗೇ ಇರುತ್ತೆ. ಅರ ಹಾಕಿದಾಗ ಕಚ್ಚದೆ ಗಾಜಿನ ಮೇಲೆ ಹೋದ ಹಾಗೆ ಜಾರ್ತಾ?

ಗುಲಾಬಿ ಕಲ್ಲು
ಮೊದಲು ಹದ ಹೋಗಿ ಮೆತ್ತಗಾಗುತ್ತೆ ಅಂದ್ರಿ, ಈಗ ಗಾಜಿನ ಥರ ಗಟ್ಟಿ ಅಂತೀರಿ. ಯಾವುದಾದ್ರೂ ಒಂದು ಹೇಳಿ.

ಅರವೇ ಗತಿ
ಎರಡೂ ಆಗುತ್ತೆ ಸ್ವಾಮಿ. ನೀಲಿ ಬಣ್ಣ ಅಂದ್ರೆ ಸುಮಾರು 300 ಡಿಗ್ರಿ, ಅಲ್ಲಿ ಮೆತ್ತಗಾಗುತ್ತೆ. ಕೆಂಪಗೆ ಕಾದು, ಹಲ್ಲಿನ ಉಳಿದ ತಣ್ಣನೆ ಭಾಗ ಆ ಬಿಸೀನ ಪಟ್ಟಂತ ಎಳ್ಕೊಂಡ್ರೆ ಅದೇ ಜಾಗ ಗಟ್ಟಿಯಾಗುತ್ತೆ, ಅರದ ಹಲ್ಲೇ ಹೋಗುತ್ತೆ. ಕಲ್ಲಿನ ಕೆಲಸ ಅಂದ್ರೇನೇ ಹೀಗೆ.

ಗುಲಾಬಿ ಕಲ್ಲು
ಕಲ್ಲಿನ ತಪ್ಪಲ್ಲ, ಹಿಡಿಯೋ ಕೈ ತಪ್ಪು. ಮುಟ್ಟಿ, ಬಿಡಿ, ಮುಟ್ಟಿ, ಬಿಡಿ. ಒಂದು ಸಲಕ್ಕೆ ಒಂದು ಸೆಕೆಂಡ್ ದಾಟಬಾರದು. ಎರಡು ಮೂರು ಚೈನ್‌ಗೊಮ್ಮೆ ಡ್ರೆಸಿಂಗ್ ಸ್ಟೋನ್ ಹಿಡಿದು ಕಲ್ಲಿನ ಮೈ ತೆರೀಬೇಕು. ಎಣ್ಣೆ ಕುಡಿದು ನುಣ್ಣಗಾದ ಕಲ್ಲು ಕೊಯ್ಯಲ್ಲ, ಉಜ್ಜುತ್ತೆ. ಉಜ್ಜಿದ್ರೇನೇ ಬಿಸಿ. ಸಾಣೆಗೆ ಮೊದಲು ಚೈನ್ ಸೀಮೆಎಣ್ಣೇಲಿ ತೊಳ್ದಿದ್ರಾ ಕೇಳಿ.

ಐದು ಚೈನ್
ಕಲ್ಲಿನ ಬದಲು ಸಿಬಿಎನ್ ವೀಲ್ (ತುಂಬಾ ಗಟ್ಟಿ ಪುಡಿ ಹಚ್ಚಿದ ಲೋಹದ ಸಾಣೆಚಕ್ರ) ಹಾಕ್ಕೊಂಡ್ರೆ ಈ ಗೋಳೇ ಇಲ್ಲ. ಆಕಾರ ಸವೆಯಲ್ಲ, ಡ್ರೆಸಿಂಗ್ ಬೇಡ, ಬಿಸೀನೂ ಕಮ್ಮಿ. ನಮ್ಮ ಬಾರ್‌ಗೆ ಐದು ಚೈನ್ ತಿರುಗಣೆ, ತೋಟದಲ್ಲಿ ಅರ ತೆಗೆಯೋದೇ ಇಲ್ಲ. ಬಾರ್ ಆಯಿಲ್‌ಗೆ ಸುಟ್ಟ ಇಂಜಿನ್ ಆಯಿಲ್, ಖರ್ಚು ಸೊನ್ನೆ.

ಗುಲಾಬಿ ಕಲ್ಲು
ಸುಟ್ಟ ಆಯಿಲಲ್ಲಿ ಇರೋದೇ ಲೋಹದ ಪುಡಿ. ಆಯಿಲ್ ಪಂಪ್, ಬಾರ್ ತುದಿಯ ಚಕ್ರ ಎರಡನ್ನೂ ತಿನ್ನುತ್ತೆ. ವೀಲ್‌ಗೆ ಅಷ್ಟು ಸುರಿದು ಆಯಿಲಲ್ಲಿ ಉಳಿಸ್ತೀರಾ?

ಐದು ಚೈನ್
ಬಾರ್ ಹೇಗೂ ಸವೆಯೋ ವಸ್ತು. ನಿಮ್ಮ ಕಲ್ಲೂ ಅಷ್ಟೇ.

ಸೊನ್ನೆ ಪಾಯಿಂಟ್ ಆರೈದು
ಆಯಿಲ್ ಜಗಳ ಬೇರೆ ಕಡೆ ಆಡಿ. ಯಾವ ಗರಗಸ, ಯಾವ ಪಿಚ್ (ಚೈನಿನ ರಿವೆಟ್ಟುಗಳ ಸರಾಸರಿ ಅಂತರ), ಬಾರ್ ಎಷ್ಟು ಇಂಚು, ಯಾವ ಅರ ಅಂತ ಇಷ್ಟು ಹೊತ್ತಾದ್ರೂ ಯಾರೂ ಕೇಳಿಲ್ವಲ್ಲ! ಕಾಫಿಗಿಡ ಅವ್ರೇ, ಅದನ್ನ ಹೇಳಿ. ಜೊತೆಗೆ ಕ್ಯಾಲಿಪರ್ ಹಿಡಿದು ಎಡದ ಐದು ಹಲ್ಲು, ಬಲದ ಐದು ಹಲ್ಲು, ಮೇಲ್ತಟ್ಟೆಯ ಉದ್ದ ಅಳೆದು ಹಾಕಿ. ಹಲ್ಲಿನ ಮುಂದಿರೋ ಗಿಡ್ಡ ಮೂಗು, ಅದೇ ರೇಕರ್, ಅದಕ್ಕೆ ಕೊನೇಸಲ ಯಾವಾಗ ಅರ ಮುಟ್ಟಿಸಿದ್ದು?

ಕಾಫಿಗಿಡ
ಮಾಮೂಲಿ 58 ಸಿಸಿ, 22 ಇಂಚು ಬಾರ್. ಚೈನ್ ಮೇಲೆ .325, .058 ಅಂತಿದೆ, 86 ಲಿಂಕ್. ಕೊಯ್ತಿರೋದು ಒಣಗಿದ ಸಿಲ್ವರ್ ಓಕ್, ಸ್ವಲ್ಪ ಅಕೇಶಿಯಾ. ಅರ 4.0 ಎಂಎಂ. ಹಲ್ಲು ಎಡ 6.4, ಬಲ 7.7, ಸುಮಾರಾಗಿ ಎಲ್ಲಾ ಅಷ್ಟೇ. ಮೂಗು ಇದುವರೆಗೂ ಮುಟ್ಟಿಲ್ಲ, ಅದನ್ನೂ ಅರೀಬೇಕಾ? ಎಣಿಸಿದ್ರೆ ಒಂದು ಬದಿ 22 ಹಲ್ಲು, ಇನ್ನೊಂದು ಬದಿ 21. ಇದೇನು ಡುಪ್ಲಿಕೇಟ್ ಚೈನಾ?

ಸೊನ್ನೆ ಪಾಯಿಂಟ್ ಆರೈದು
ಡುಪ್ಲಿಕೇಟ್ ಅಲ್ಲ. .325 ಅನ್ನೋದು ಪಿಚ್, .058 ಅನ್ನೋದು ಬಾರಿನ ಸೀಳಲ್ಲಿ ಓಡೋ ಲಿಂಕಿನ ದಪ್ಪ, ಎರಡೂ ಇಂಚಲ್ಲಿ. ಎರಡು ಲಿಂಕ್‌ಗೆ ಒಂದು ಹಲ್ಲು, 86ಕ್ಕೆ 43. ಬೆಸಸಂಖ್ಯೆ ಆದ್ರಿಂದ ಜೋಡಣೆ ಹತ್ರ ಒಂದೇ ಬದಿಯ ಎರಡು ಹಲ್ಲು ಪಕ್ಕಪಕ್ಕ ಬರುತ್ತೆ. ಅದರಿಂದ ಕೊಯ್ತ ತಿರುಗಲ್ಲ.

ಹಿಟ್ಟು ಬರೋದು ಮೂಗಿನಿಂದ. ಹಲ್ಲಿನ ಮೇಲ್ತಟ್ಟೆ ಹಿಂದಕ್ಕೆ ಇಳಿಜಾರು. ಸಾಣೆ ಹಿಡಿದಷ್ಟೂ ಮೊನೆ ಹಿಂದೆ ಸರಿಯುತ್ತೆ, ಹಿಂದೆ ಸರಿದಷ್ಟೂ ತಗ್ಗುತ್ತೆ. ಮೂಗು ಇದ್ದ ಎತ್ತರಕ್ಕೇ ನಿಂತಿರುತ್ತೆ. ಮೊನೆಗಿಂತ ಮೂಗು 0.65 ಎಂಎಂ ತಗ್ಗಿರಬೇಕು, ಆಗ ಚಕ್ಕೆ. ಅದು 0.2, 0.3ಕ್ಕೆ ಬಂದ್ರೆ ಕ್ಷೌರದ ಕತ್ತಿ ಥರ ಹರಿತ ಇದ್ರೂ ಮರಕ್ಕೆ ಇಳಿಯಕ್ಕೆ ಮೂಗು ಬಿಡಲ್ಲ, ಕೆರೀತಾ ಹೋಗುತ್ತೆ.

ಬಲಕ್ಕೆ ಎಳೆಯೋದು 1.3 ಎಂಎಂ ವ್ಯತ್ಯಾಸದಿಂದ. ಬಲದ ಹಲ್ಲು ಉದ್ದ, ಅಂದ್ರೆ ಎತ್ತರ, ಅಂದ್ರೆ ಹೆಚ್ಚು ಕಚ್ಚುತ್ತೆ. ಗರಗಸ ಹೆಚ್ಚು ಕಚ್ಚೋ ಬದಿಗೇ ತಿರುಗೋದು. ಸಾಣೆ ಹಿಡಿದವರು ಒಂದು ಬದಿ ಮುಗಿಸಿ ವೈಸ್ ತಿರುಗಿಸಿದ ಮೇಲೆ ಚೈನ್ ತಡೆಯೋ ಸ್ಟಾಪ್ ಮತ್ತೆ ಹೊಂದಿಸಿಲ್ಲ. ಸುಟ್ಟಿಲ್ಲ, ಅಳತೆ ತಪ್ಪಿದೆ.

4.0 ಅರ 3/8 ಲೋ ಪ್ರೊಫೈಲ್ ಚೈನಿಂದು, ಅಂದ್ರೆ ಸಣ್ಣ ಗರಗಸದ ಗಿಡ್ಡ ಹಲ್ಲಿನ ಚೈನ್. .325ಕ್ಕೆ 4.8. ಸಣ್ಣ ಅರ ಹಲ್ಲಿನ ಬುಡಕ್ಕೆ ಇಳಿದು ಕೊಕ್ಕೆ ಮಾಡುತ್ತೆ: ಮೊದಲೆರಡು ಕೊಯ್ತ ಭರ್ಜರಿ, ಆಮೇಲೆ ತೆಳ್ಳಗಿನ ಮೊನೆ ಮುರಿಯುತ್ತೆ. ಸರಿಯಾದ ಅರ ಇಟ್ಟಾಗ ಅದರ ಐದನೇ ಒಂದು ಭಾಗ ಮೇಲ್ತಟ್ಟೆಗಿಂತ ಮೇಲೆ ಕಾಣಬೇಕು. ಒಳಗಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸ್ ಬರುವಾಗ ಎತ್ತಿ. ಎಳೆದ್ರೆ ಅರವೇ ಸಾಯುತ್ತೆ. ಕೋನ 30. ಒಣ ಅಕೇಶಿಯಾ ಜಾಸ್ತಿ ಇದ್ರೆ 25 ಇಡಿ, ಮೊನೆ ಸ್ವಲ್ಪ ಹೆಚ್ಚು ಬಾಳುತ್ತೆ.

ಗುಲಾಬಿ ಕಲ್ಲು
1.3 ಎಂಎಂ ಅರದಲ್ಲಿ ಇಳಿಸೋಕೆ ಕೂತ್ರೆ ಕೈ ಬಿದ್ದುಹೋಗುತ್ತೆ. ಬಲದ ಹಲ್ಲಷ್ಟನ್ನ ಮೆಷಿನ್ನಲ್ಲಿ ಎಡದ ಅಳತೆಗೆ ತನ್ನಿ. .325ಕ್ಕೆ 3.2 ಎಂಎಂ ಕಲ್ಲು, 4.7ರದ್ದು ಬೇಡ. ಇಂಥದಕ್ಕೂ, ಕೊಯ್ಯುವಾಗ ನೆಲದ ಕಲ್ಲಿಗೋ ಮೊಳೆಗೋ ತಾಗಿ ಹಲ್ಲು ಕಿತ್ತಾಗಲೂ ಮೆಷಿನ್. ದಿನದ ಹರಿತಕ್ಕೆ ಅರ. ಇದಕ್ಕೆ ಯಾಕೆ ಪಕ್ಷ ಕಟ್ತೀರೋ.

ಮೂಗು ಮುಖ್ಯ
ಉದ್ದ ಸಮ ಮಾಡೋ ಹಟಕ್ಕೆ 1.3 ಎಂಎಂ ಒಳ್ಳೇ ಉಕ್ಕು ಯಾಕೆ ಹಾಳು? ಪ್ರತಿ ಮೂಗನ್ನ ಅದರದ್ದೇ ಹಲ್ಲಿನ ಎತ್ತರಕ್ಕೆ ಹೊಂದಿಸಿ, ಉದ್ದ ಹೆಚ್ಚುಕಮ್ಮಿ ಇದ್ರೂ ನೆಟ್ಟಗೇ ಕೊಯ್ಯುತ್ತೆ. ಕಾರ್ಲ್‌ಟನ್ ಫೈಲ್-ಓ-ಪ್ಲೇಟ್, ಹಸ್ಕ್‌ವರ್ನಾ ರೋಲರ್ ಗೇಜ್ ಎರಡೂ ಮಾಡೋದು ಇದನ್ನೇ. ಎರಡು ಮೂರು ಹಲ್ಲಿನ ಮೇಲೆ ಮಲಗಿಸೋ ಮಾಮೂಲಿ ಪಟ್ಟಿ ಗೇಜ್ ಇಲ್ಲಿ ಸುಳ್ಳು ಹೇಳುತ್ತೆ: ಅದು ಕೂರೋದು ಉದ್ದದ ಹಲ್ಲಿನ ಮೇಲೆ, ಎಡದ ಮೂಗು ಸರಿಯಾಗೇ ಇದೆ ಅನ್ನಿಸುತ್ತೆ.

ಸೊನ್ನೆ ಪಾಯಿಂಟ್ ಆರೈದು
ಒಪ್ಪಿದೆ, ನಾಳೆಗೇ ಬೇಕಂದ್ರೆ ಅದೇ ದಾರಿ. ಚಪ್ಪಟೆ ಅರ, ಮೂಗು ತಗ್ಗಿಸಿದ ಮೇಲೆ ಅದರ ಮುಂದಿನ ಅಂಚು ಮತ್ತೆ ಗುಂಡಗೆ ಮಾಡಿ. 0.65 ದಾಟಬೇಡಿ. ಒಂದು ಎಂಎಂ ಹತ್ರ ಹೋದ್ರೆ ಗರಗಸ ಮರಕ್ಕೆ ಹಾರಿ ಕಚ್ಚುತ್ತೆ, ಬಾರ್ ತಟ್ಟಂತ ನಿಮ್ಮ ಕಡೆಗೇ ಎಗರೋ ಕಿಕ್‌ಬ್ಯಾಕ್‌ಗೆ ಕರೆದು ಮಣೆ ಹಾಕಿದ ಹಾಗೆ.

ಅರವೇ ಗತಿ
ಸುಟ್ಟಿಲ್ಲ ಅಂತ ಫೋಟೋ ನೋಡದೆ ಹೇಗೆ ಹೇಳ್ತೀರಿ?

ಕಾಫಿಗಿಡ
4.8 ಅರ ಪೇಟೇಲಿ ಸಿಕ್ತು, ಚೆನ್ನಾಗೇ ಕಚ್ತಿದೆ, ಜಾರ್ತಿಲ್ಲ. ಹಲ್ಲಿಗೆ ನಾಲ್ಕು ತಳ್ಳು, ಮೂಗು ಒಂದೊಂದನ್ನೂ ಬೇರೆ ಬೇರೆ ಅಳೆದು ತಗ್ಗಿಸಿದ್ದಾಯ್ತು. ಚಕ್ಕೆ ಬರ್ತಿದೆ! ಒತ್ತೋದೂ ಬೇಡ. ಆದ್ರೆ ದಪ್ಪ ದಿಮ್ಮೀಲಿ ಇನ್ನೂ ಚೂರು ಬಲಕ್ಕೇ ಹೋಗುತ್ತೆ.

ಸೊನ್ನೆ ಪಾಯಿಂಟ್ ಆರೈದು
ಹಾಗಾದ್ರೆ ಬಾರ್ ನೋಡಿ. ಚೈನ್ ಬಿಚ್ಚಿ ಬಾರನ್ನ ಗಾಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ. ವಾಲಿದ್ರೆ ಚೈನ್ ಓಡೋ ಸೀಳಿನ ಎರಡು ಬದಿಯ ಹಳೀಲಿ ಒಂದು ತಗ್ಗಿದೆ. ಚಪ್ಪಟೆ ಅರ 90 ಡಿಗ್ರಿ ಹಿಡಿದು ಎರಡನ್ನೂ ಸಮ ಮಾಡಿ, ಅಂಚಿನ ಮುಳ್ಳು ಕೆರೆದು ತೆಗೀರಿ. ಸೀಳಿನ ಆಳ 6 ಎಂಎಂಗಿಂತ ಕಮ್ಮಿಯಾದ್ರೆ ಬಾರ್ ಆಯುಷ್ಯ ಮುಗೀತು. ಹಳಿ ಸಮ ಇದ್ರೆ ಚೈನ್ ಹಾಕಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಸೀಳು ಅಗಲವಾಗಿದ್ರೆ ಚೈನ್ ವಾಲ್ಕೊಂಡೇ ಓಡುತ್ತೆ. .058 ಬಾರ್‌ಗೆ .050 ಚೈನ್ ಹಾಕಿದ್ರೂ ಇದೇ ರೋಗ.

ಹೊಸ ಸದಸ್ಯ
ನಂದು 3/8 ಲೋ ಪ್ರೊಫೈಲ್, ಬಾರ್ 14 ಇಂಚು. ತೆಂಗಿನ ಬೊಡ್ಡೆ ಕೊಯ್ದ್ರೆ ಹತ್ತು ನಿಮಿಷಕ್ಕೆ ಮೊಂಡು. ನಾನೂ 4.8 ತಗೊಳ್ಲಾ?

ಸೊನ್ನೆ ಪಾಯಿಂಟ್ ಆರೈದು
ನಿಮಗೆ 4.0. ಕಾಫಿಗಿಡ ಅವರ ಹತ್ರ ಒಂದು ಸುಮ್ನೆ ಬಿದ್ದಿದೆ. ತೆಂಗಿಗೆ ಬೇರೆ ಥ್ರೆಡ್ ತೆಗೀರಿ.